ಹೊಲಿಗೆಯೇ ಡಿಸೈನು

ಪಿಯುಸಿ ಮುಗಿಸಿ ಫ್ಯಾಷನ್ ಡಿಸೈನ್ ಸೇರಬೇಕು ಅಂದುಕೊಂಡಿರುವ ಹುಡುಗಿಯರು ಆಗಾಗ ನನಗೆ ಮೆಸೇಜ್ ಮಾಡುತ್ತಾರೆ. ಈಚೆಗೆ ಹುಡುಗರೂ ಮಾಡುತ್ತಾರೆ. ಯಾವ ಕಾಲೇಜು, ಫೀಸ್ ಎಷ್ಟು, ಕೆಲಸ ಸಿಗುತ್ತಾ ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ಹೊಲಿಯೋದು ಅಂದರೆ ಇಷ್ಟನಾ? "ಚಿತ್ರ ಚೆನ್ನಾಗಿ ಬಿಡಿಸ್ತೀನಿ ಅಕ್ಕಾ, ಹೊಲಿಯೋಕೆ ಟೈಲರ್ ಇರ್ತಾರಲ್ವಾ" ಅನ್ನುತ್ತಾರೆ. ಇದರಲ್ಲಿ ಅವರ ತಪ್ಪೇನಿಲ್ಲ. ಟಿವಿಯಲ್ಲಿ, ಇನ್‌ಸ್ಟಾಗ್ರಾಂನಲ್ಲಿ, ಕಾಲೇಜಿನ ಜಾಹೀರಾತಿನಲ್ಲಿ ಕಾಣುವುದು ಸ್ಕೆಚ್ ಬುಕ್ಕು, ಬಣ್ಣದ ಪೆನ್ಸಿಲ್ಲು, ಕೊನೆಗೆ ರ್‍ಯಾಂಪು. ನಡುವೆ ಇರುವ ಮಶಿನ್ ಲ್ಯಾಬನ್ನು ಯಾರೂ ತೋರಿಸುವುದಿಲ್ಲ. ನಾನು ಬೆಂಗಳೂರಿನಲ್ಲಿ ಬಿಎಸ್ಸಿ ಫ್ಯಾಷನ್ ಅಂಡ್ ಅಪರೆಲ್ ಡಿಸೈನ್ ಓದಿದವಳು. ನನಗೆ ಡಿಸೈನ್ ಅಂದರೆ ಏನು ಅಂತ ಗೊತ್ತಾಗಿದ್ದು ಆ ಲ್ಯಾಬಿನಲ್ಲೇ. ಅದನ್ನು ಸ್ವಲ್ಪ ವಿವರವಾಗಿ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಮೊದಲಿಗೆ ಇಲ್ಲಸ್ಟ್ರೇಷನ್ ಕ್ಲಾಸ್ ಇರುತ್ತದೆ. ಅಲ್ಲಿ ಬಿಡಿಸುವ ಮೈ ನಮ್ಮ ಯಾರ ಮೈಯೂ ಅಲ್ಲ. ಸಾಮಾನ್ಯವಾಗಿ ಒಬ್ಬರ ಎತ್ತರ ಅವರ ತಲೆಯ ಉದ್ದದ ಸುಮಾರು ಏಳೂವರೆ ಪಟ್ಟು ಇರುತ್ತದೆ. ಫ್ಯಾಷನ್ ಚಿತ್ರದಲ್ಲಿ ಅದನ್ನು ಒಂಬತ್ತು, ಹತ್ತು ತಲೆಯಷ್ಟು ಎಳೆಯುತ್ತಾರೆ. ಹೆಚ್ಚಿದ ಉದ್ದದಲ್ಲಿ ಮುಕ್ಕಾಲುಪಾಲು ಕಾಲಿಗೇ ಹೋಗುತ್ತದೆ. ಆ ಮೈಗೆ ಹೊಟ್ಟೆ ಇಲ್ಲ, ಭುಜ ಇಳಿದಿಲ್ಲ, ಬೆನ್ನು ಬಾಗಿಲ್ಲ. ಸೊಂಟದ ಹತ್ತಿರ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದರೆ ಬಟ್ಟೆ ಅಲ್ಲಿಗೆ ಬಂದು ಮೈಗೆ ಅಂಟಿ ನಿಲ್ಲುತ್ತದೆ. ಹೇಗೆ ನಿಂತಿತು ಅಂತ ಆ ಕ್ಲಾಸಿನಲ್ಲಿ ಯಾರೂ ಕೇಳುವುದಿಲ್ಲ. ಮಧ್ಯಾಹ್ನ ಮಶಿನ್ ಲ್ಯಾಬಿಗೆ ಹೋದರೆ ಮೊದಲ ಪ್ರಶ್ನೆಯೇ ಅದು. ಬಟ್ಟೆ ಚಪ್ಪಟೆಯಾಗಿದೆ, ಮೈ ಉಬ್ಬುತಗ್ಗಾಗಿದೆ. ಇದನ್ನು ಅದರ ಮೇಲೆ ಕೂರಿಸುವುದು ಹೇಗೆ?

ಲ್ಯಾಬಿನ ಮಶಿನ್ ಅಂದರೆ ಧಾರವಾಡದಲ್ಲಿ ನಮ್ಮವ್ವ ತುಳಿಯುತ್ತಿದ್ದಂಥ ಮಶಿನ್ ಅಲ್ಲ. ಗಾರ್ಮೆಂಟ್ಸಿನಲ್ಲಿ ಇರುವಂಥ ಜೂಕಿ ಕಂಪನಿಯ ಕರೆಂಟ್ ಮಶಿನ್. ನಿಮಿಷಕ್ಕೆ 5000 ಹೊಲಿಗೆಯವರೆಗೂ ಓಡಬಲ್ಲದು. ಪೆಡಲ್ ಸ್ವಲ್ಪ ಜಾಸ್ತಿ ಒತ್ತಿದರೂ ಬಟ್ಟೆ ಕೈ ತಪ್ಪಿ ಓಡಿಹೋಗುತ್ತದೆ. ಅದಕ್ಕೇ ಶುರುವಿನಲ್ಲಿ ದಾರ ಹಾಕಲು ಬಿಡುವುದಿಲ್ಲ. ಕಾಗದದ ಮೇಲೆ ನೇರ ಗೆರೆ, ಚೌಕ, ಅಂಕುಡೊಂಕು, ಸುರುಳಿ ಬರೆದುಕೊಂಡು ಖಾಲಿ ಸೂಜಿಯನ್ನು ಅದರ ಮೇಲೆ ಓಡಿಸಬೇಕು. ಮೂಲೆಗೆ ಬಂದಾಗ ಸೂಜಿಯನ್ನು ಒಳಗೇ ಇಟ್ಟು, ಬಟ್ಟೆಯನ್ನು ಒತ್ತಿ ಹಿಡಿಯುವ ಮಶಿನ್ನಿನ ಫುಟ್ಟನ್ನು ಮಂಡಿಯಿಂದ ಎತ್ತಿ, ಕಾಗದ ತಿರುಗಿಸಬೇಕು. ಇದು ಕೈಗೆ ಬಂದ ಮೇಲೆ ದಾರ. ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡೂ ಬಟ್ಟೆಯ ನಡುವೆ ಕೊಂಡಿ ಬೀಳುವ ಹಾಗೆ ಟೆನ್ಷನ್, ಅಂದರೆ ದಾರದ ಬಿಗಿ, ಸರಿಮಾಡಬೇಕು. ಕೊಂಡಿ ಮೇಲೆ ಕಂಡರೆ ಮೇಲಿನ ದಾರ ಬಿಗಿಯಾಗಿದೆ, ಕೆಳಗೆ ಕಂಡರೆ ಅದು ಸಡಿಲವಾಗಿದೆ ಅಂತ ಅರ್ಥ.

ಆಮೇಲೆ ಸ್ಯಾಂಪಲ್ ಫೈಲು. ಒಂದೊಂದು ಥರದ ಹೊಲಿಗೆಗೂ ಒಂದೊಂದು ತುಂಡು ಹೊಲಿದು ಅಂಟಿಸಬೇಕು. ಫ್ರೆಂಚ್ ಸೀಮ್ ಅಂದರೆ ಒಮ್ಮೆ ಹೊಲಿದು, ತಿರುವಿ, ಬಿಟ್ಟ ಅಂಚು ಒಳಗೆ ಮುಚ್ಚಿಹೋಗುವ ಹಾಗೆ ಇನ್ನೊಮ್ಮೆ ಹೊಲಿಯುವುದು. ಜಾರ್ಜೆಟ್, ಶಿಫಾನ್ ಥರದ ತೆಳು ಬಟ್ಟೆಗೆ ಅದೇ ಬೇಕು. ಜೀನ್ಸ್ ಪ್ಯಾಂಟಿನ ಕಾಲಿನ ಉದ್ದಕ್ಕೂ ಎರಡು ಸಾಲು ಹೊಲಿಗೆ ಕಾಣುತ್ತದಲ್ಲ, ಅಲ್ಲಿ ಎರಡೂ ಅಂಚುಗಳು ಒಂದಕ್ಕೊಂದು ಸಿಕ್ಕಿಸಿಕೊಂಡು ಮಡಚಿರುತ್ತವೆ. ಎಷ್ಟು ಎಳೆದರೂ ಬಿಚ್ಚುವುದಿಲ್ಲ. ನಮ್ಮ ಮೇಡಂ ಯಾವ ಬಟ್ಟೆ ಕೊಟ್ಟರೂ ಮೊದಲು ಒಳಮಗ್ಗುಲು ತಿರುವುತ್ತಿದ್ದರು. ಹೊರಗಡೆಯನ್ನು ನೋಡುವುದು ಆಮೇಲೆ. ಇದು ನನಗೆ ಹೊಸದೇನಾಗಿರಲಿಲ್ಲ. ನಮ್ಮ ಕಡೆ ಕಸೂತಿ ಹಾಕುವ ಹೆಂಗಸರೂ ಹೀಗೇ ಸೆರಗನ್ನು ತಿರುವಿ ನೋಡಿ ಬೆಲೆ ಕಟ್ಟುತ್ತಾರೆ. ಗಾವಂತಿ, ಮುರ್ಗಿ ಎರಡೂ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಹೋಗಬೇಕು, ಕೆಳಗೆ ಚಿತ್ರ ಬರೆದುಕೊಳ್ಳುವಂತಿಲ್ಲ. ಗೋಪುರ, ತೇರು, ಆನೆ ಎಲ್ಲ ಲೆಕ್ಕದಲ್ಲೇ ಬರುತ್ತವೆ. ಕಾಲೇಜಿಗೆ ಬರುವ ಮೊದಲೇ ಇಷ್ಟು ದೊಡ್ಡ ಪಾಠ ನಮ್ಮ ಮನೆಗಳಲ್ಲಿತ್ತು.

ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ಮಾಡಿಕೊಳ್ಳುವ ನಮೂನೆಗೆ ಪ್ಯಾಟರ್ನ್ ಅನ್ನುತ್ತಾರೆ. ಆ ಕ್ಲಾಸಿನಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟಿದ್ದು ಟಕ್ಸ್. ಪುಸ್ತಕದಲ್ಲಿ ಅದನ್ನು ಡಾರ್ಟ್ ಅನ್ನುತ್ತಾರೆ. ಚಪ್ಪಟೆ ಬಟ್ಟೆಯಲ್ಲಿ ಒಂದು ತ್ರಿಕೋನವನ್ನು ಮಡಚಿ ಹೊಲಿದರೆ ಅದರ ತುದಿಯಲ್ಲಿ ಬಟ್ಟೆ ಉಬ್ಬುತ್ತದೆ. ಎದೆಗೆ ಜಾಗ ಸಿಗುವುದು ಹೀಗೆ. ಆ ತ್ರಿಕೋನ ಎಲ್ಲಿರಬೇಕು ಅನ್ನುವುದು ನಮ್ಮಿಷ್ಟ. ಬ್ರೌನ್ ಪೇಪರಿನ ಪ್ಯಾಟರ್ನ್‌ನಲ್ಲಿ ಸೊಂಟದ ಟಕ್ಸ್ ಮುಚ್ಚಿ, ಭುಜದಿಂದ ಎದೆಯ ತುದಿಯವರೆಗೆ ಕತ್ತರಿಸಿದರೆ ಅಷ್ಟೇ ಜಾಗ ಭುಜದಲ್ಲಿ ತೆರೆದುಕೊಳ್ಳುತ್ತದೆ. ಕಂಕುಳಿಗೆ ಒಯ್ಯಬಹುದು, ಪಕ್ಕಕ್ಕೆ ಒಯ್ಯಬಹುದು. ಎರಡು ಟಕ್ಸನ್ನು ಸೇರಿಸಿ ಉದ್ದಕ್ಕೆ ಒಂದೇ ಹೊಲಿಗೆ ಮಾಡಿದರೆ ಪ್ರಿನ್ಸೆಸ್ ಕಟ್. ಬಟ್ಟಲಿನ ಹಾಗೆ ಬೇರೆ ತುಂಡು ಮಾಡಿ ಕೂರಿಸಿದರೆ ಕಟೋರಿ. ಬೀದಿ ಬೀದಿಯ ಬ್ಲೌಸ್ ಅಂಗಡಿಗಳಲ್ಲಿ ಬೋರ್ಡ್ ಮೇಲೆ ಬರೆದಿರುವ ಈ ಹೆಸರುಗಳೆಲ್ಲ ಒಂದೇ ಲೆಕ್ಕದ ಬೇರೆ ಬೇರೆ ಉತ್ತರಗಳು. ಜಾಮಿಟ್ರಿ ಇಷ್ಟು ಚೆಂದ ಇರುತ್ತದೆ ಅಂತ ಹೈಸ್ಕೂಲಿನಲ್ಲಿ ಯಾರಾದರೂ ಹೀಗೆ ತೋರಿಸಿದ್ದರೆ ಎಷ್ಟೋ ಹುಡುಗಿಯರು ಗಣಿತಕ್ಕೆ ಹೆದರುತ್ತಿರಲಿಲ್ಲ ಅಂತ ಈಗಲೂ ನಂಬುತ್ತೇನೆ. ಇನ್ನೊಂದು ಸಣ್ಣ ವಿಷಯ. ಟಕ್ಸ್ ಎದೆಯ ತುದಿಯವರೆಗೂ ಹೋಗಬಾರದು. ಸ್ವಲ್ಪ ಮೊದಲೇ, ಸುಮಾರು ಒಂದು ಇಂಚು ಹಿಂದೆ ನಿಲ್ಲಬೇಕು. ಇಲ್ಲದಿದ್ದರೆ ಚೂಪಾಗಿ ಕಾಣುತ್ತದೆ, ಹಾಕಿಕೊಂಡವಳಿಗೆ ದಿನವಿಡೀ ಮುಜುಗರ.

ಆಮೇಲೆ ತೋಳು. ತೋಳಿನ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ.

ತೋಳಿನ ಮೇಲ್ತುದಿ ಕಮಾನಿನ ಆಕಾರದಲ್ಲಿರುತ್ತದೆ, ಅದಕ್ಕೆ ಕ್ಯಾಪ್ ಅನ್ನುತ್ತಾರೆ. ಅದನ್ನು ಕೂರಿಸಬೇಕಾದ ಜಾಗ, ಅಂದರೆ ಅಂಗಿಯಲ್ಲಿ ಕೈ ತೂರಿಸುವ ಕಿಂಡಿ, ಆರ್ಮ್‌ಹೋಲ್. ಕ್ಯಾಪಿನ ಗೆರೆ ಆರ್ಮ್‌ಹೋಲಿಗಿಂತ ಒಂದು, ಒಂದೂವರೆ ಇಂಚು ಉದ್ದ ಇರುತ್ತದೆ. ಅಂದರೆ ಉದ್ದದ್ದನ್ನು ಗಿಡ್ಡದ್ದಕ್ಕೆ ಸೇರಿಸಬೇಕು, ಒಂದು ನೆರಿಗೆಯೂ ಕಾಣಬಾರದು. ಭುಜದ ಉರುಟು ಬರುವುದು ಆ ಹೆಚ್ಚುವರಿ ಬಟ್ಟೆಯಿಂದಲೇ. ತೋಳಿನ ಮುಂಭಾಗ, ಹಿಂಭಾಗ ಎರಡೂ ಒಂದೇ ಅಲ್ಲ. ನಮ್ಮ ಕೈ ಚಲಿಸುವುದು ಮುಂದಕ್ಕೆ ಜಾಸ್ತಿ, ಹಾಗಾಗಿ ಮುಂದೆ ಗೆರೆ ಹೆಚ್ಚು ಒಳಗೆ ಹೋಗಿರುತ್ತದೆ, ಹಿಂದೆ ತುಂಬಿಕೊಂಡಿರುತ್ತದೆ. ಅದಲುಬದಲಾಗದಿರಲಿ ಅಂತ ಅಂಚಿನಲ್ಲಿ ಸಣ್ಣ ಕಚ್ಚು ಗುರುತು ಮಾಡುತ್ತಾರೆ, ಅದಕ್ಕೆ ನಾಚ್ ಅನ್ನುತ್ತಾರೆ. ಮುಂದೆ ಒಂದು ನಾಚ್, ಹಿಂದೆ ಎರಡು.

ನಿಜವಾದ ಆಯ್ಕೆ ಇರುವುದು ಕ್ಯಾಪ್ ಎಷ್ಟು ಎತ್ತರ ಇರಬೇಕು ಅನ್ನುವುದರಲ್ಲಿ. ಎತ್ತರದ ಕ್ಯಾಪ್ ಇಟ್ಟರೆ ಕೈ ಇಳಿಬಿಟ್ಟು ನಿಂತಾಗ ತೋಳು ಒಂದು ಸುಕ್ಕಿಲ್ಲದೆ ಇಳಿಯುತ್ತದೆ, ಫೋಟೋದಲ್ಲಿ ಸೊಗಸಾಗಿ ಕಾಣುತ್ತದೆ. ಕೈ ಮೇಲೆತ್ತಿದರೆ ಮಾತ್ರ ಎಳೆಯುತ್ತದೆ. ಕ್ಯಾಪ್ ತಗ್ಗಿಸಿದರೆ ಕೈ ಆರಾಮಾಗಿ ಎತ್ತಬಹುದು, ಆದರೆ ಇಳಿಬಿಟ್ಟಾಗ ಕಂಕುಳಲ್ಲಿ ಬಟ್ಟೆ ಮಡಿಕೆ ಬೀಳುತ್ತದೆ. ಕೋಟಿನ ತೋಳು ಮೊದಲನೇ ಥರ, ಕೆಲಸದ ಅಂಗಿಯ ತೋಳು ಎರಡನೇ ಥರ. ಎರಡೂ ಒಟ್ಟಿಗೆ ಬೇಕು ಅಂದರೆ ಆಗುವುದಿಲ್ಲ. ಹಳೇ ಕುರ್ತಾ, ಜುಬ್ಬಾಗಳಲ್ಲಿ ಕಂಕುಳ ಕೆಳಗೆ ಒಂದು ಸಣ್ಣ ಚೌಕದ ತುಂಡು ಕೂರಿಸುತ್ತಿದ್ದರಲ್ಲ, ಅದು ಈ ತೊಂದರೆಗೆ ಹಿಂದಿನವರು ಕಂಡುಕೊಂಡಿದ್ದ ದಾರಿ. ಇನ್ನೊಂದು, ಬ್ಲೌಸ್ ಬಿಗಿ ಅನ್ನಿಸಿದಾಗ ಆರ್ಮ್‌ಹೋಲ್ ಕೆಳಗಿಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಇಳಿಸಿದಷ್ಟೂ ಕೈ ಎತ್ತಿದಾಗ ಇಡೀ ಬ್ಲೌಸೇ ಮೇಲೆ ಬರುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಸಲೀಸಾಗಿ ಆಡುತ್ತದೆ. ಇದನ್ನು ಹೊಲಿದು ಹಾಕಿಕೊಂಡು ನೋಡುವವರೆಗೆ ಯಾರೂ ನಂಬುವುದಿಲ್ಲ.

ಈ ತೋಳಿನ ಪಾಠ ಆದ ಮೇಲೆ ನಾನು ಜನರನ್ನು ನೋಡುವ ರೀತಿಯೇ ಬೇರೆಯಾಯಿತು. ಬೋರ್ಡ್ ಮೇಲೆ ಬರೆಯುವ ಟೀಚರ್, ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ಸಿಲ್ಕ್ ಬೋರ್ಡ್‌ವರೆಗೆ ನಿಂತೇ ಹೋಗುವ ಹೆಣ್ಣುಮಕ್ಕಳು, ಅಟ್ಟದಿಂದ ಡಬ್ಬ ಇಳಿಸುವ ಅಮ್ಮಂದಿರು, ಎಲ್ಲರೂ ಮತ್ತೆ ಮತ್ತೆ ಬ್ಲೌಸನ್ನೋ ಟಾಪನ್ನೋ ಕೆಳಗೆಳೆದುಕೊಳ್ಳುತ್ತಿರುತ್ತಾರೆ. ಅದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ತಮ್ಮ ಮೈಯದ್ದೇ ದೋಷ ಅಂತ ಅಂದುಕೊಂಡವರೂ ಇದ್ದಾರೆ. ಮೈಯಲ್ಲಿ ಏನೂ ದೋಷವಿಲ್ಲ. ಆ ಬಟ್ಟೆಯ ಪ್ಯಾಟರ್ನ್ ಮಾಡಿದವರು ಕೈ ಇಳಿಬಿಟ್ಟು ನಿಂತ ಡಮ್ಮಿಗೆ, ಅಂದರೆ ಬೊಂಬೆಗೆ, ಮಾಡಿದ್ದಾರೆ, ಅಷ್ಟೇ. ಇವಳು ಕೈ ಎತ್ತುತ್ತಾಳೆ ಅನ್ನುವುದನ್ನು ಯೋಚಿಸಿಲ್ಲ. ಸ್ಕೆಚ್ಚಿನಲ್ಲಿ ಈ ತಪ್ಪು ಯಾವತ್ತೂ ಕಾಣುವುದಿಲ್ಲ. ಅದಕ್ಕೇ ನಾನು ಹೊಲಿಗೆ ಬರದೆ ಡಿಸೈನ್ ಬರುವುದಿಲ್ಲ ಅಂತ ಇಷ್ಟು ಗಟ್ಟಿಯಾಗಿ ಹೇಳುವುದು.

ಅಳತೆಯ ವಿಷಯವೂ ಹೀಗೆಯೇ. ನಾವು ಕಲಿತ ಪುಸ್ತಕಗಳ ಸೈಜ್ ಚಾರ್ಟ್ ಹೊರದೇಶದ ಮೈಗಳದ್ದು. ಅದೇ ಅಳತೆಯ ಡಮ್ಮಿ. ಅದರ ಮೇಲೆ ಕೋರಾ ಬಟ್ಟೆ ಪಿನ್ ಮಾಡಿ ಡ್ರೇಪಿಂಗ್ ಕಲಿಯುತ್ತೇವೆ. ಭಾರತದವರ ಅಳತೆಯೇ ಬೇಕು ಅಂತ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಜವಳಿ ಸಚಿವಾಲಯದ ಜೊತೆ ಇಂಡಿಯಾಸೈಜ್ ಅನ್ನುವ ಸಮೀಕ್ಷೆ ಕೈಗೆತ್ತಿಕೊಂಡಿತು. ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರ ಮೈಯನ್ನು 3ಡಿ ಸ್ಕ್ಯಾನರ್‌ನಲ್ಲಿ ಅಳೆಯುವ ಯೋಜನೆ ಅದು. ದಕ್ಷಿಣಕ್ಕೆ ಬೆಂಗಳೂರನ್ನು ಆರಿಸಿಕೊಂಡಿದ್ದರು. ತುಂಬಾ ಬೇಕಾಗಿದ್ದ ಕೆಲಸ. ಅಂಗಡಿಯಲ್ಲಿ ಮೀಡಿಯಂ ಭುಜಕ್ಕೆ ಸರಿಯಾದರೆ ಸೊಂಟಕ್ಕೆ ಆಗುವುದಿಲ್ಲ, ಲಾರ್ಜ್ ಸೊಂಟಕ್ಕೆ ಸರಿಯಾದರೆ ಭುಜ ಜಾರುತ್ತದೆ ಅನ್ನುವ ಗೋಳು ಯಾವ ಮನೆಯಲ್ಲಿಲ್ಲ ಹೇಳಿ.

ಆದರೆ ಈ ಗೋಳಿಗೆ ನಮ್ಮ ಬೀದಿಯ ಟೈಲರ್‌ಗಳು ಯಾವತ್ತೋ ಪರಿಹಾರ ಹುಡುಕಿಕೊಂಡಿದ್ದಾರೆ, ಅದನ್ನು ಯಾರೂ ಡಿಸೈನ್ ಅಂತ ಕರೆದಿಲ್ಲ. ಅಳತೆ ಬ್ಲೌಸ್ ಕೊಟ್ಟು ಬರುತ್ತೇವಲ್ಲ, ಮಾಸ್ಟರ್ ಅದನ್ನು ಬೆರಳಲ್ಲಿ ಒಮ್ಮೆ ಸವರಿ ಎಲ್ಲಿ ಹಿಗ್ಗಿದೆ, ಎಲ್ಲಿ ದಾರ ಸೆಳೆದಿದೆ ಅಂತ ನೋಡುತ್ತಾರೆ. ಮೈ ಎಲ್ಲಿ ಬದಲಾಗಿದೆ ಅಂತ ಅವರಿಗೆ ಆಗಲೇ ಗೊತ್ತಾಗಿರುತ್ತದೆ. ಎದೆಯ ಭಾಗವನ್ನು ಓರೆಯಾಗಿ ಇಟ್ಟು ಕತ್ತರಿಸಿದರೆ ಅದು ಕ್ರಾಸ್ ಕಟ್. ಉದ್ದದ ಹಾಸು ಎಳೆ, ಅಡ್ಡದ ಹೊಕ್ಕು ಎಳೆ ಎರಡೂ ಅಷ್ಟಾಗಿ ಹಿಗ್ಗುವುದಿಲ್ಲ, ಓರೆಗೆ ಮಾತ್ರ ಬಟ್ಟೆ ಹಿಗ್ಗುತ್ತದೆ, ಮೈಗೆ ಒಪ್ಪಿಕೊಂಡು ಕೂರುತ್ತದೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಮಡ್ಲೆನ್ ವಿಯೊನೆ ಚಿಕ್ಕ ಮರದ ಬೊಂಬೆಯ ಮೇಲೆ ಬಟ್ಟೆ ಇಟ್ಟು ನೋಡಿಕೊಂಡು, ಇಡೀ ಗೌನನ್ನೇ ಓರೆಗೆ ಕತ್ತರಿಸಿ ಹೆಸರಾದರು. ಅವರ ಮೇಲೆ ನಮಗೆ ಪರೀಕ್ಷೆಯಲ್ಲಿ ಪ್ರಶ್ನೆ ಇತ್ತು. ಕ್ರಾಸ್ ಕಟ್ ಬ್ಲೌಸಿನ ಮೇಲೆ ಇರಲಿಲ್ಲ. ವಿಯೊನೆ ಬಗ್ಗೆ ಓದಲೇಬೇಕು, ಅವರು ನಿಜವಾಗಿ ದೊಡ್ಡವರು. ಅದೇ ಅಧ್ಯಾಯದಲ್ಲಿ ನಮ್ಮ ಬ್ಲೌಸಿಗೂ ಒಂದು ಪುಟ ಇರಬೇಕು ಅನ್ನುವುದಷ್ಟೇ ನನ್ನ ಮಾತು.

ಇನ್ನು ಒಳಗೆ ಬಿಡುವ ಬಟ್ಟೆ. ಕಾರ್ಖಾನೆಯಲ್ಲಿ ಪಕ್ಕದ ಹೊಲಿಗೆಗೆ ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಬಿಡುತ್ತಾರೆ. ಲಕ್ಷ ಅಂಗಿ ಮಾಡುವಾಗ ಒಂದೊಂದರಲ್ಲೂ ಅರ್ಧ ಇಂಚು ಉಳಿದರೆ ಎಷ್ಟು ಬಟ್ಟೆ ಉಳಿಯಿತು, ಲೆಕ್ಕ ಹಾಕಿ. ಅದು ಸರಿಯೇ. ನಮ್ಮ ಟೈಲರ್ ಮಾತ್ರ ಬ್ಲೌಸಿನ ಪಕ್ಕದಲ್ಲಿ ಒಂದೂವರೆ, ಎರಡು ಇಂಚು ಬಿಡುತ್ತಾರೆ. ಒಂದರ ಪಕ್ಕ ಒಂದರಂತೆ ಎರಡು ಮೂರು ಸಾಲು ಹೊಲಿಗೆ ಹಾಕಿಟ್ಟಿರುತ್ತಾರೆ. ಮದುವೆಗೆ ಹೊಲಿಸಿದ ಬ್ಲೌಸು ಮಗುವಾದ ಮೇಲೆ ಬಿಗಿಯಾದರೆ ಒಂದು ಸಾಲು ಬಿಚ್ಚಿದರೆ ಆಯಿತು. ಮುಂದೆ ಇನ್ನೊಂದು ಸಾಲು. ಆ ಹೊಲಿಗೆಯಲ್ಲಿ ಒಬ್ಬ ಹೆಂಗಸಿನ ಮುಂದಿನ ಹತ್ತು ವರ್ಷ ಯೋಚಿಸಿ ಇಟ್ಟಂತಿದೆ. ಲೈನಿಂಗ್, ಫಾಲ್ಸ್ ಎರಡನ್ನೂ ಮೊದಲೇ ನೀರಲ್ಲಿ ನೆನೆಸಿ ಒಣಗಿಸುವುದೂ ಹೀಗೇ. ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ರೇಷ್ಮೆ ಅಷ್ಟು ಕುಗ್ಗುವುದಿಲ್ಲ, ನೆನೆಸದೆ ಹೊಲಿದರೆ ಸೀರೆಯ ಅಂಚು ಸುಕ್ಕುಗಟ್ಟುತ್ತದೆ. ಪರಿಸರಸ್ನೇಹಿ ಫ್ಯಾಷನ್ ಅಂತ ಈಗ ಕಾಲೇಜುಗಳಲ್ಲಿ ಒಂದು ಇಡೀ ಪೇಪರ್ ಇದೆ. ಬಹಳ ಒಳ್ಳೆಯದು. ಆ ಪೇಪರಿನ ಮೊದಲ ಪ್ರಾಕ್ಟಿಕಲ್ ಆಗಿ ಒಂದು ಹಳೆಯ ಬ್ಲೌಸನ್ನು ಬಿಚ್ಚಲು ಕೊಡಬೇಕು. ಗುಳೇದಗುಡ್ಡದ ಖಣದ ಕುಪ್ಪಸ ಸಿಕ್ಕರೆ ಇನ್ನೂ ಒಳ್ಳೆಯದು. ಚಿಕ್ಕ ತುಂಡು ಬಟ್ಟೆಯಲ್ಲೇ ಅಂಚು ಸರಿಯಾಗಿ ತೋಳಿನ ತುದಿಗೆ ಬರುವ ಹಾಗೆ ಹೇಗೆ ಕತ್ತರಿಸಿದ್ದಾರೆ ಅಂತ ನೋಡಬಹುದು. ಇಳಕಲ್ ಸೀರೆಯನ್ನೂ ನೋಡಲಿ. ಮೈಯ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಕುಣಿಕೆ ಹಾಕಿ ಮಗ್ಗದಲ್ಲೇ ಜೋಡಿಸುತ್ತಾರೆ. ಹಾಗಾಗಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿಯೇ ಹೂಡಬೇಕು.

ಕೊನೇ ವರ್ಷ ಇಂಟರ್ನ್‌ಶಿಪ್‌ಗೆ ನಾನು ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ಗೆ ಹೋದೆ. ಅಲ್ಲಿ ಒಂದು ಫಾರ್ಮಲ್ ಶರ್ಟು ನಲವತ್ತಕ್ಕಿಂತ ಜಾಸ್ತಿ ಕೆಲಸಗಳಾಗಿ ಒಡೆದುಹೋಗುತ್ತದೆ. ಒಬ್ಬರು ಜೇಬು, ಒಬ್ಬರು ಪಟ್ಟಿ, ಒಬ್ಬರು ಕಫ್, ಒಬ್ಬರು ಬರೀ ಕಾಜಾ. ಒಂದೊಂದು ಕೆಲಸಕ್ಕೂ ಇಷ್ಟು ಸೆಕೆಂಡ್ ಅಂತ ಲೆಕ್ಕ, ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಬೋರ್ಡ್ ಮೇಲೆ ಪ್ರತಿ ಗಂಟೆ ಬರೆಯುತ್ತಾರೆ. ನನ್ನನ್ನು ಕೂರಿಸಿದ್ದು ಕಾಲರ್ ಹೊಲಿಯುವ ಅಕ್ಕನ ಪಕ್ಕ. ಕಾಲರಿಗೆ ಮೇಲಿನ ತುಂಡು, ಕೆಳಗಿನ ತುಂಡು ಎರಡಿರುತ್ತವೆ. ಹೊಲಿಗೆ ಹೊರಗೆ ಇಣುಕದೆ ಕೆಳಗೆ ಮಡಚಿಕೊಳ್ಳಬೇಕಾದರೆ ಕೆಳಗಿನ ತುಂಡು ಕೂದಲೆಳೆಯಷ್ಟು ಚಿಕ್ಕದಿರಬೇಕು. ಪುಸ್ತಕದಲ್ಲಿ ಅದಕ್ಕೆ ಅಳತೆ ಇದೆ. ಆ ಅಕ್ಕ ಹೊಲಿಯುತ್ತಲೇ ಕೆಳಗಿನ ತುಂಡನ್ನು ಬೆರಳಲ್ಲಿ ಹದವಾಗಿ ಎಳೆದು ಹಿಡಿಯುತ್ತಿದ್ದರು, ಬಟ್ಟೆ ದಪ್ಪ ಇದ್ದರೆ ಒಂಚೂರು ಜಾಸ್ತಿ, ತೆಳು ಇದ್ದರೆ ಕಡಿಮೆ. "ನೋಡ್ ಮೇಡಂ, ಇವತ್ತಿನ ಲಾಟ್ ಗಟ್ಟಿ ಐತೆ, ನಿನ್ನೆ ಥರ ಹಿಡಿದ್ರೆ ತುದಿ ಮೇಲಕ್ಕೆದ್ದು ನಿಲ್ತದೆ" ಅಂದರು. ಮಾತಾಡುತ್ತಾ ಮಾತಾಡುತ್ತಾ ಮೂರು ಕಾಲರ್ ಮುಗಿದಿತ್ತು. ನನಗೆ ಮೂರು ವರ್ಷ ಓದಿಸಿದ ವಿಷಯ ಅವರ ಬೆರಳಲ್ಲಿತ್ತು. ಅದನ್ನು ನಾನು ಭಾವುಕಳಾಗಿ ಹೇಳುತ್ತಿಲ್ಲ. ಆ ತಿದ್ದುಪಡಿ ಇಲ್ಲದಿದ್ದರೆ ಆ ಲಾಟಿನ ಶರ್ಟುಗಳು ವಾಪಸ್ ಬರುತ್ತಿದ್ದವು. ಅವರು ಅಲ್ಲಿ ಮಾಡುತ್ತಿದ್ದುದೇ ಡಿಸೈನ್.

ಹೀಗಿರುವಾಗ ಅವರಿಗೆ ಸಿಗುವ ಗೌರವ ನೋಡಿ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಈ ಊರು ಕಣ್ಣೆತ್ತಿ ನೋಡಿದ್ದು 2016ರ ಏಪ್ರಿಲ್‌ನಲ್ಲಿ. ಪಿಎಫ್‌ನಲ್ಲಿ ಕಂಪನಿಯ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಜನ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. 19ಕ್ಕೇ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಕೆಲಸ ಬಿಟ್ಟಾಗ, ಮಗಳ ಮದುವೆಗೆ, ಮನೆ ರಿಪೇರಿಗೆ ಅಂತ ನಂಬಿಕೊಂಡಿದ್ದ ದುಡ್ಡು ಅದು. ಆಗ ಫ್ಯಾಷನ್ ಕಾಲೇಜುಗಳಲ್ಲಿ ಇದು ಪಾಠದ ವಿಷಯವೇ ಆಗಲಿಲ್ಲವಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ. ನಾವು ಬಿಡಿಸುವ ಚಿತ್ರ ಬಟ್ಟೆಯಾಗುವುದು ಅವರ ಕೈಯಲ್ಲಿ.

ಈ ಮೇಲುಕೀಳು ಮನೆಯಲ್ಲೂ ಇದೆ. ನಾನು ಸೀಟು ತೆಗೆದುಕೊಂಡಾಗ ನಮ್ಮ ಕಾಕಾ, "ಹೊಲಿಗಿ ಕಲಿಯಾಕ ಬೆಂಗಳೂರಿಗೆ ಯಾಕ ಹೋಗ್ಬೇಕವಾ?" ಅಂದಿದ್ದರು. ಅವ್ವ, "ಹೊಲಿಗಿ ಅಲ್ಲ, ಡಿಸೈನ್ ಓದ್ತಾಳ" ಅಂತ ನನ್ನ ಪರ ನಿಂತಳು. ಅವ್ವನ ಪ್ರೀತಿ ದೊಡ್ಡದು. ಆದರೆ ಅವಳೇ ನಮ್ಮ ಓಣಿಯವರ ಬ್ಲೌಸ್ ಹೊಲಿದು ನನ್ನ ಹೈಸ್ಕೂಲಿನ ಖರ್ಚು ನೋಡಿಕೊಂಡವಳು. ಅವಳಿಗೂ ಹೊಲಿಗೆ ಅಂದರೆ ಸಣ್ಣದು, ಡಿಸೈನ್ ಅಂದರೆ ದೊಡ್ಡದು ಅಂತ ಅನ್ನಿಸಿಬಿಟ್ಟಿದೆ. ಐಟಿಐನಲ್ಲಿ ಡ್ರೆಸ್ ಮೇಕಿಂಗ್, ಸ್ಯೂಯಿಂಗ್ ಟೆಕ್ನಾಲಜಿ ಅಂತ ಒಂದು ವರ್ಷದ ಟ್ರೇಡ್‌ಗಳಿವೆ. ಅಲ್ಲೂ ಇದೇ ಪ್ಯಾಟರ್ನ್, ಇದೇ ಟಕ್ಸ್, ಇದೇ ತೋಳು. ಅಲ್ಲಿ ಕಲಿತವರು ಟೈಲರ್, ನಾವು ಡಿಸೈನರ್. ಸಂಬಳದಲ್ಲೂ, ಮದುವೆಯ ಮಾತಿನಲ್ಲೂ ಇದೇ ವ್ಯತ್ಯಾಸ. ಎಕ್ಸ್‌ಪೋರ್ಟ್ ಕಂಪನಿಗಳಲ್ಲಿ ಡಿಸೈನರ್ ಕೊಟ್ಟ ಚಿತ್ರವನ್ನು ಹಾಕಿಕೊಳ್ಳುವ ಬಟ್ಟೆಯಾಗಿ ಮಾಡಿಕೊಡುವ ಪ್ಯಾಟರ್ನ್ ಮಾಸ್ಟರ್‌ಗಳಲ್ಲಿ, ಸ್ಯಾಂಪಲ್ ಟೈಲರ್‌ಗಳಲ್ಲಿ ಎಷ್ಟೋ ಜನರ ಹತ್ತಿರ ಡಿಗ್ರಿ ಇಲ್ಲ. ಲೇಬಲ್ ಮೇಲೆ ಅವರ ಹೆಸರೂ ಇಲ್ಲ.

ಈಗ ನಾನು ಒಂದು ಕಾಲೇಜಿನಲ್ಲಿ ಪ್ಯಾಟರ್ನ್ ಮೇಕಿಂಗ್ ಪಾಠ ಮಾಡುತ್ತೇನೆ. ಈ ಸೆಮಿಸ್ಟರಿನಲ್ಲಿ ಕಾಲರ್ ಪಾಠಕ್ಕೆ ಗೆಸ್ಟ್ ಲೆಕ್ಚರರ್ ಆಗಿ ಪೀಣ್ಯದ ಆ ಅಕ್ಕನನ್ನೇ ಕರೆಸಬೇಕು ಅಂತ ಕೇಳಿದ್ದೆ. ವಿದ್ಯಾರ್ಹತೆ ಕಾಲಮ್ಮಿನಲ್ಲಿ ಏನು ಬರೆಯೋದು ಅಂತ ಆಫೀಸಿನಲ್ಲಿ ಸ್ವಲ್ಪ ಚರ್ಚೆಯಾಯಿತು. ಕೊನೆಗೆ ಅನುಭವ ಅಂತ ಬರೆದು ಒಪ್ಪಿಕೊಂಡರು. ಅವರಿಗೆ ರಜೆ ಸಿಗುವುದು ಭಾನುವಾರ ಮಾತ್ರ, ಹಾಗಾಗಿ ಕ್ಲಾಸನ್ನು ಭಾನುವಾರವೇ ಇಟ್ಟುಕೊಂಡಿದ್ದೇವೆ. ಮಕ್ಕಳು ಬರುತ್ತೇವೆ ಅಂದಿದ್ದಾರೆ. ಬೇರೆ ಗೆಸ್ಟ್ ಲೆಕ್ಚರರ್‌ಗಳಿಗೆ ಎಷ್ಟು ಸಂಭಾವನೆ ಕೊಡುತ್ತಾರೋ ಅಷ್ಟನ್ನೇ ಅವರಿಗೂ ಕೊಡಿ ಅಂತ ಪಟ್ಟು ಹಿಡಿದು ಕೂತಿದ್ದೇನೆ. ಆ ಫೈಲು ಇನ್ನೂ ಪ್ರಿನ್ಸಿಪಾಲರ ಟೇಬಲ್ ಮೇಲಿದೆ, ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.